ಎಂಬತ್ತನೇ ಇಸವಿಯ ಚೆಂಡುಹೂವು

ನಂಬಬೇಡಿ. ದಮ್ಮಿದ್ದರೆ ಕೊನೆಯವರೆಗೂ ನಂಬದೆ ಓದಿ, ನೋಡೋಣ. ನನ್ನ ಮಾತು ನಂಬುವುದಿಲ್ಲ ಎಂದು ಹಟ ಹಿಡಿದ ಎಷ್ಟೋ ಜನರನ್ನು ಗುಂಡ್ಲುಪೇಟೆಯಲ್ಲಿ ಕಂಡಿದ್ದೇನೆ. ಅರ್ಧ ಲೋಟ ಟೀ ಮುಗಿಯುವಷ್ಟರಲ್ಲಿ "ಆಮೇಲೇನಾಯ್ತಣ್ಣೊ?" ಅಂತ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.

ನನ್ನ ಅಂಗಿಯ ಜೇಬಿನಲ್ಲಿ ಒಂದು ಚೀಟಿ ಇದೆ. ಲಾರಿ ತೂಗಿದ ಚೀಟಿಯ ಕಾರ್ಬನ್ ಪ್ರತಿ. ಕೇರಳ ರಸ್ತೆಯ ನಮ್ಮ ವೇಬ್ರಿಡ್ಜಿನಲ್ಲಿ ಒಂದು ಲಾರಿ ಚೆಂಡುಹೂವನ್ನು ಸಾವಿರದ ಒಂಬೈನೂರ ಎಂಬತ್ತನೇ ಇಸವಿ ಜನವರಿ ಒಂದನೇ ತಾರೀಕು ತೂಗಲಾಗಿದೆ ಎಂದು ಅದರಲ್ಲಿ ಅಚ್ಚಾಗಿದೆ. ಆ ದಿನ ಲಾರಿಯ ಡ್ರೈವರ್ ಇನ್ನೂ ಹುಟ್ಟಿರಲಿಲ್ಲ. ಲಾರಿಯೂ ಹುಟ್ಟಿರಲಿಲ್ಲ. ನಮ್ಮ ವೇಬ್ರಿಡ್ಜ್ ಇರುವ ಜಾಗದಲ್ಲಿ ಆಗ ಯಾರೋ ಎಮ್ಮೆ ಕಟ್ಟುತ್ತಿದ್ದರು. ತೂಗಿದವನು ನಾನೇ. ತೂಗಿದ್ದು ಹೋದ ವರ್ಷ, ಓಣಂ ಹಬ್ಬದ ಮುಂಚಿನ ವಾರ.

ನಾನು ಸಿದ್ದರಾಜು. ಗುರುಮಲ್ಲಪ್ಪನವರ ವೇಬ್ರಿಡ್ಜಿನಲ್ಲಿ, ಅಂದರೆ ಲಾರಿಯನ್ನು ಸರಕಿನ ಸಮೇತ ತೂಗುವ ಆ ದೊಡ್ಡ ಕಬ್ಬಿಣದ ಹಲಗೆಯ ಪಕ್ಕದ ಕೋಣೆಯಲ್ಲಿ, ಕಂಪ್ಯೂಟರ್ ಮುಂದೆ ಕೂರುವ ಮುದುಕ. ಗುಂಡ್ಲುಪೇಟೆಗೆ ಕಂಪ್ಯೂಟರ್ ಬಂದಾಗ ಅದಕ್ಕೆ ಊರು ತೋರಿಸಿದವನೇ ನಾನು. ಇದನ್ನು ಅಲ್ಲಗಳೆಯುವವರಿದ್ದರು. ಈಗ ಅವರ್‍ಯಾರೂ ಇಲ್ಲ, ಹಾಗಾಗಿ ಇದು ಇತಿಹಾಸ.

ಅವತ್ತು ದೀಪ ಹಚ್ಚುವ ಹೊತ್ತಿಗೆ ಕುದೇರಿನ ಪುಟ್ಟಮ್ಮಣ್ಣಿ ಲಾರಿ ಹೇರಿಕೊಂಡು ಬಂದಳು. ಡ್ರೈವರ್ ಪಕ್ಕದ ಸೀಟಿನಲ್ಲಿ, ಮಡಿಲಲ್ಲಿ ಬುತ್ತಿ ಇಟ್ಟುಕೊಂಡು ಕೂತಿದ್ದಳು. ಪ್ರತಿ ವರ್ಷ ಅವಳ ಹೂವನ್ನು ಮಂಡಿಯವರು ಹೊಲದಲ್ಲೇ ಕೊಂಡು ತಮ್ಮ ಹೆಸರಲ್ಲಿ ಕೇರಳಕ್ಕೆ ಕಳಿಸುತ್ತಿದ್ದರು. ಈ ಸಲ ಅವಳೇ ಸುಲ್ತಾನ್ ಬತ್ತೇರಿಯ ವ್ಯಾಪಾರಿಯೊಬ್ಬನ ಹತ್ತಿರ ಫೋನಿನಲ್ಲಿ ಮಾತಾಡಿ, ಲಾರಿ ಗೊತ್ತು ಮಾಡಿ ಹೊರಟಿದ್ದಳು. ಮಂಡಿಯವರು ನಕ್ಕಿದ್ದರಂತೆ, "ಈಯಮ್ಮ ಕಾಡ್ ದಾಟುಸ್ತಾಳಂತೆ ನೋಡ್ರಪ್ಪೋ" ಅಂತ.

ದಾಟಿಸುವುದು ಸುಲಭವಲ್ಲ. ರಾತ್ರಿ ಒಂಬತ್ತಕ್ಕೆ ಬಂಡೀಪುರ ಕಾಡಿನ ಗೇಟು ಬೀಳುತ್ತದೆ. ಅಲ್ಲಿಂದ ಬೆಳಗಿನವರೆಗೆ ಆ ರಸ್ತೆ ಆನೆಗಳದ್ದು. ಗೇಟಿನ ಈಚೆ ಸಿಕ್ಕಿಬಿದ್ದರೆ, ಲಾರಿಯಲ್ಲಿ ಒತ್ತಿ ತುಂಬಿದ ಚೆಂಡುಹೂವು ಒಳಗೊಳಗೇ ಕಾವು ಹಿಡಿದು ಬೆಳಗಾಗುವಷ್ಟರಲ್ಲಿ ಬೇಯಿಸಿದ ಸೊಪ್ಪಾಗುತ್ತದೆ. ಬತ್ತೇರಿಯ ಸಂತೆ ಮುಗಿದಿರುತ್ತದೆ. ಮುಂದಿನ ವರ್ಷ ಪುಟ್ಟಮ್ಮಣ್ಣಿ ಮತ್ತೆ ಮಂಡಿಯವರ ಮುಂದೆಯೇ ನಿಲ್ಲಬೇಕು, ಅವರು ಮತ್ತೆ ನಗಬೇಕು.

"ಬ್ಯಾಗ ತೂಗ್ಬುಡಣ್ಣೊ. ಗೇಟ್ ಬೀಳದ್ರೊಳ್ಗೆ ದಾಟ್ಬೇಕು," ಅಂದಳು.

"ಅವ್ವ, ಈಗಿನ ಕಂಪ್ಯೂಟ್ರು ನೀನು ಕಣ್ಣು ಮಿಟುಕ್ಸದ್ರೊಳ್ಗೆ ತೂಗಿ ಕೈಗೆ ಕೊಟ್ಬುಡ್ತದೆ. ಕುಂತ್ಕೊ," ಅಂದೆ, ಅದನ್ನು ಹೆತ್ತವನ ಹಾಗೆ.

ಮೌಸ್ ಮುಟ್ಟಿದೆ. ತೆರೆ ನೀಲಿಯಾಯಿತು. ಮಧ್ಯದಲ್ಲಿ ಪುಟ್ಟ ಚುಕ್ಕೆಗಳು ಕೋಲಾಟ ಆಡತೊಡಗಿದವು. ಅಪ್‌ಡೇಟ್ ಆಗುತ್ತಿದೆ, ದಯವಿಟ್ಟು ಆಫ್ ಮಾಡಬೇಡಿ, ಶೇಕಡ ನಾಲ್ಕು.

"ಏನಂತದೆ?" ಪುಟ್ಟಮ್ಮಣ್ಣಿ ಇಣುಕಿದಳು.

"ಏನಿಲ್ಲ, ಒಸಿ ಮೈ ತೊಳ್ಕೊತ ಅದೆ."

"ಇಷ್ಟೊತ್ನಲ್ಲಾ?"

ಡ್ರೈವರ್ ಬಾಬು ವಯನಾಡಿನವನು. ಕನ್ನಡ ಮಲಯಾಳ ಎರಡನ್ನೂ ಒಂದೇ ಗೇರಿನಲ್ಲಿ ಓಡಿಸುವವನು. ಗಡಿಯಾರ ನೋಡಿ, "ಚೇಟಾ, ಗೇಟ್ ಹಾಕಿದ್ರೆ ತೀರ್ನು," ಅಂದ. ಮುಗೀತು ಅಂತ ಅರ್ಥ.

ಲಾರಿಯ ತೂಕ ಹೊರಗಿನ ಸಣ್ಣ ಪೆಟ್ಟಿಗೆಯಲ್ಲಿ ಕೆಂಪು ಅಂಕಿಗಳಲ್ಲಿ ಹೊಳೆಯುತ್ತಲೇ ಇತ್ತು. ನನ್ನ ಅಕ್ಷರ ಮುತ್ತಿನಂಥದ್ದು, ಕೈಯಲ್ಲೇ ಬರೆದುಕೊಡುತ್ತೇನೆ ಅಂದೆ. ನಾನು ಪ್ರೇಮಪತ್ರ ಕೊಡಲು ಬಂದ ಹಾಗೆ ಬಾಬು ಹಿಂದೆ ಸರಿದ. ಲಾರಿಯ ಮಾಲೀಕ ಕೈಬರಹದ ಚೀಟಿ ಇಟ್ಟುಕೊಂಡು ಗಾಡಿ ಎತ್ತಬೇಡ ಅಂದಿದ್ದಾನಂತೆ. ಬತ್ತೇರಿಯ ವ್ಯಾಪಾರಿಯೂ ಫೋನಿನಲ್ಲಿ ಅದನ್ನೇ ಹೇಳಿದ್ದಾನಂತೆ, ಕಂಪ್ಯೂಟರ್ ಚೀಟಿ ಬೇಕು ಅಂತ. ಮನುಷ್ಯ ಬರೆದರೆ ಅನುಮಾನ, ಯಂತ್ರ ಕಕ್ಕಿದರೆ ವೇದವಾಕ್ಯ. ಈ ಭಕ್ತಿಯನ್ನು ಊರಿಗೆ ಕಲಿಸಿದವನು ನಾನೇ ಆದ್ದರಿಂದ ಬಾಯಿ ಮುಚ್ಚಿಕೊಂಡೆ. ಶೇಕಡ ಹನ್ನೊಂದು.

ಹೇಗೆ ಕಲಿಸಿದೆ ಅಂತೀರಾ? ಶೇಕಡ ಏರುವುದನ್ನು ಕಾಯುತ್ತ ಕೂತವನಿಗೆ ಬೇರೆ ಕೆಲಸವೇನಿದೆ, ಕೇಳಿ.

ನಾನು ಕಂಪ್ಯೂಟರನ್ನು ಮೊದಲು ನೋಡಿದ್ದು ಚಾಮರಾಜನಗರದ ಒಂದು ಟೈಪಿಂಗ್ ಶಾಲೆಯಲ್ಲಿ. ಚಪ್ಪಲಿ ಹೊರಗೆ ಬಿಡಬೇಕಿತ್ತು. ಒಳಗೆ ಏಸಿ. ಚಾಮರಾಜನಗರದ ಬಿಸಿಲಿಗೆ ನಾವು ಬೀದಿಯಲ್ಲಿ ಬೆವರುತ್ತಿದ್ದರೆ ಆ ಪೆಟ್ಟಿಗೆ ಹೂವಿನ ಚಿತ್ರದ ಬಟ್ಟೆ ಹೊದ್ದು ತಣ್ಣಗೆ ಮಲಗಿರುತ್ತಿತ್ತು. ಬಟ್ಟೆ ತೆಗೆದರೆ ಕಪ್ಪು ಪರದೆ, ಒಂದು ಮೂಲೆಯಲ್ಲಿ ಮಿಣುಕುವ ಗೆರೆ. ಚಿತ್ರವಿಲ್ಲ, ಬಣ್ಣವಿಲ್ಲ, ಮೌಸ್ ಇಲ್ಲ. ಅಪ್ಪಣೆಯನ್ನು ಅಕ್ಷರ ಅಕ್ಷರವಾಗಿ ಟೈಪ್ ಮಾಡಬೇಕು. ಒಂದು ಚುಕ್ಕಿ ತಪ್ಪಿದರೂ "ಬ್ಯಾಡ್ ಕಮಾಂಡ್" ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿತ್ತು. ನಮ್ಮ ಲೆಕ್ಕದ ಮೇಷ್ಟ್ರೂ ಹೀಗೆಯೇ ಇದ್ದರು, ಆದರೆ ಅವರು ಏಸಿ ಕೇಳುತ್ತಿರಲಿಲ್ಲ. ಒಂದು ಮಾತು ಮಾತ್ರ ಒಪ್ಪಬೇಕು. ಆ ಕಪ್ಪು ಪರದೆ ತಾನಾಗಿ ಏನನ್ನೂ ಮಾಡುತ್ತಿರಲಿಲ್ಲ. ನೀವು ಹೇಳುವವರೆಗೆ ಕಾಯುತ್ತಿತ್ತು. ಈಗ ಯಾರು ಯಾರಿಗೆ ಕಾಯುತ್ತಾರೆ ನೋಡಿ. ಶೇಕಡ ಹದಿನೆಂಟು.

ಗುರುಮಲ್ಲಪ್ಪನವರು ವೇಬ್ರಿಡ್ಜ್ ಹಾಕಿ ಅಂಥದ್ದೇ ಒಂದು ಯಂತ್ರ ತಂದಾಗ ನನ್ನನ್ನು ಕರೆದರು. ನಾನು ತೂಗುವ ಕೆಲಸವನ್ನು ಒಂದೇ ದಿನದಲ್ಲಿ ಕಲಿತೆ. ಉಳಿದ ದಿನಗಳನ್ನು ಕಪಿಚೇಷ್ಟೆಗೆ ಮೀಸಲಿಟ್ಟೆ. ಯಂತ್ರ ಹಚ್ಚಿದ ಕೂಡಲೇ ಇಂಗ್ಲಿಷ್ ಅಕ್ಷರದಲ್ಲಿ "ನಮಸ್ಕಾರ ಗುರುಮಲ್ಲಪ್ಪನವರೇ" ಅಂತ ಬರುವ ಹಾಗೆ ಒಳಗೆ ಒಂದು ಸಾಲು ಸೇರಿಸಿದೆ. ಯಜಮಾನರು ಬೆಪ್ಪಾದರು. ಮಾರನೆಯ ದಿನದಿಂದ ಸ್ನಾನ ಮಾಡಿ, ಹಣೆಗೆ ಮೂರು ಗೆರೆ ವಿಭೂತಿ ಎಳೆದು, ಶಲ್ಯ ಹೊದ್ದು, ಬೆಳಿಗ್ಗೆ ಅದರ ಮುಂದೆ ನಿಂತು ನಮಸ್ಕಾರ ತೆಗೆದುಕೊಳ್ಳತೊಡಗಿದರು. ತಿರುಗಿ ಅವರೂ ಕೈ ಮುಗಿಯುತ್ತಿದ್ದರು.

ಒಂದು ದಿನ ಯಜಮಾನರು ಅವಸರದಲ್ಲಿ ಸ್ನಾನವಿಲ್ಲದೆ, ಬರಿ ಹಣೆಯಲ್ಲಿ ಬರುತ್ತಿರುವುದು ಕಿಟಕಿಯಿಂದ ಕಂಡಿತು. ಸಾಲು ಬದಲಾಯಿಸಿದೆ. ಅವರು ಮುಂದೆ ನಿಂತಾಗ ಯಂತ್ರ ಹಚ್ಚಿದೆ. "ಸ್ನಾನ ಆಯ್ತಾ?" ಎಂದು ಕೇಳಿತು.

"ಸಿದ್ದ, ಇದ್ಕೆಂಗ್ಲಾ ಗೊತ್ತಾಯ್ತು?" ಅಂದರು.

"ಅದ್ಕೆ ಎಲ್ಲ ಗೊತ್ತಾಯ್ತದೆ ಬುದ್ದಿ. ನಿನ್ನೆ ನೀವು ಬಾಡೂಟದ ಮನೆ ಕಡೆ ಓಗಿದ್ರಲ್ಲ, ಅದ್ನೂ ಕೇಳ್ಲಾ ಅಂತಿತ್ತು, ನಾನೇ ಸುಮ್ಕಿರ್ಸಿದೆ."

ಯಜಮಾನರು ಬಾವಿ ಕಡೆ ನಡೆದರು, ನಾನು ಸಾಲನ್ನು ಮತ್ತೆ ನಮಸ್ಕಾರಕ್ಕೆ ತಿರುಗಿಸಿದೆ. ಅವತ್ತಿನಿಂದ ಆ ಪೆಟ್ಟಿಗೆ ನಮ್ಮಲ್ಲಿ ಯಂತ್ರವಾಗಿ ಉಳಿಯಲಿಲ್ಲ, ಹಿರಿಯರಾಯಿತು.

ಆಮೇಲೆ ಕಂಪ್ಯೂಟರಿನ ಹೊಸ ಹೊಸ ಅವತಾರಗಳು ಶುರುವಾದವು, ತೊಂಬತ್ತೈದು ಬಂತು, ತೊಂಬತ್ತೆಂಟು ಬಂತು. ಅದನ್ನು ಮಾಡುವವರ ಹೆಸರು ಹೇಳುವುದಿಲ್ಲ, ಹೇಳಿದರೆ ಈ ಬರಹಕ್ಕೂ ಅಪ್‌ಡೇಟ್ ಕಳಿಸಿಬಿಟ್ಟಾರು. ಮೌಸ್ ಬಂತು. ತೆರೆಯ ಮೇಲೆ ಬಾಣ ಓಡಾಡಿತು. ಯಂತ್ರ ನಿಲ್ಲಿಸಬೇಕಾದರೆ "ಸ್ಟಾರ್ಟ್" ಒತ್ತಬೇಕು ಅಂತ ನಾನು ಹೇಳಿಕೊಟ್ಟಾಗ ಲಾರಿ ಡ್ರೈವರೊಬ್ಬ, "ಇದನ್ ಮಾಡ್ದೋನ್ ಕೈಗೆ ಸ್ಟೇರಿಂಗ್ ಕೊಡ್ಬ್ಯಾಡಿ," ಅಂದ. ಜೊತೆಗೆ ಇಸ್ಪೀಟೂ ಬಂತು. ಕ್ಲಬ್ಬಿನಲ್ಲಿ ಆಡಿದರೆ ಪೊಲೀಸರು ಹಿಡಿಯುತ್ತಿದ್ದ ಆಟವನ್ನು ಆಫೀಸಿನಲ್ಲಿ ಕೂತು ಆಡಿದೆ. ಈರುಳ್ಳಿ ಲಾರಿಗಳು ಕೇರಳ ರಸ್ತೆಯುದ್ದಕ್ಕೂ ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು. "ಕಂಪ್ಯೂಟ್ರು ಯೋಚ್ನೆ ಮಾಡ್ತದೆ, ತಡೀರಿ" ಅನ್ನುತ್ತಿದ್ದೆ. ನಿಜಕ್ಕೂ ಯೋಚನೆಯಲ್ಲಿರುತ್ತಿದ್ದವನು ನಾನು, ಕೆಂಪು ರಾಣಿಯನ್ನು ಎಲ್ಲಿಡಬೇಕು ಅಂತ.

ಎಕ್ಸ್‌ಪಿ ಬಂದದ್ದು ಮಾತ್ರ ಸುವರ್ಣಯುಗ. ಹಚ್ಚಿದರೆ ಹಸಿರು ಗುಡ್ಡ, ಮೇಲೆ ನೀಲಿ ಆಕಾಶ, ಬಿಳಿ ಮೋಡ. ನೋಡಿದವರೆಲ್ಲ, "ಇದು ನಮ್ ಗೋಪಾಲಸ್ವಾಮಿ ಬೆಟ್ಟ ಅಲ್ವಾ?" ಅಂದರು. ಅಲ್ಲ ಅನ್ನುವ ಮೂರ್ಖ ನಾನಲ್ಲ. "ಅದೇ ಕಣ. ಫಾರಿನ್ನೋರು ಬಂದಿದ್ರು, ಫೋಟೋ ಎಲ್ಲಿಂದ ತೆಗೀಬೇಕು ಅಂತ ತೋರ್ಸಿದ್ದೇ ನಾನು. ನಾನೂ ನಿಂತಿದ್ದೆ, ಆಮೇಲೆ ಕತ್ತರಿಸ್ಬುಟ್ರು," ಅಂದೆ. ಅದಾದ ಮೇಲೆ ಶನಿವಾರ ಬೆಟ್ಟಕ್ಕೆ ಹೋದವರು ದೇವರ ದರ್ಶನ ಮುಗಿಸಿ ಕಂಪ್ಯೂಟರಿನ ಜಾಗ ಹುಡುಕುತ್ತಿದ್ದರು. ಪ್ರತಿಯೊಬ್ಬರಿಗೂ ಜಾಗ ಸಿಕ್ಕಿತ್ತು, ಬೇರೆ ಬೇರೆ ಕಡೆ.

"ಅಣ್ಣೊ, ಇಪ್ಪತ್ತೇಳ್ರಲ್ಲೇ ನಿಂತದೆ," ಅಂದಳು ಪುಟ್ಟಮ್ಮಣ್ಣಿ. ಅವಳಿಗೆ ಓದು ಅಷ್ಟಕ್ಕಷ್ಟೇ, ಆದರೆ ಆ ಅಂಕಿಯನ್ನು ಹಾಲು ಉಕ್ಕುವುದನ್ನು ಕಾಯುವ ಹಾಗೆ ಕಾಯುತ್ತಿದ್ದಳು. ನಡುನಡುವೆ ಎದ್ದು ಹೋಗಿ ಲಾರಿಯ ಟಾರ್ಪಾಲಿನ ಕೆಳಗೆ ಕೈ ತೂರಿಸಿ ನೋಡಿ ಬರುತ್ತಿದ್ದಳು.

"ಬೆಚ್ಗಾಯ್ತಾ?"

"ಇನ್ನೂ ಇಲ್ಲ. ಆಯ್ತದೆ." ಕೂತಳು. "ಮದ್ಲಿಂದ್ಲೂ ಇಂಗೇ ಕಾಯ್ಸ್ತಿತ್ತಾ ಇದು?"

"ಮದ್ಲು ಇಂಗಿರ್ನಿಲ್ಲ ಕಣವ್ವ. ಬುದ್ದಿ ಜಾಸ್ತಿ ಆದಂಗೆಲ್ಲ ಇಂಗಾಯ್ತು."

ಸುಳ್ಳಲ್ಲ. ಎಕ್ಸ್‌ಪಿ ಆದಮೇಲೆ ಏಳು ಬಂತು, ಸಭ್ಯ. ಎಂಟು ಬಂದಾಗ ಸ್ಟಾರ್ಟ್ ಬಟನ್ನೇ ಮಾಯ. ತೆರೆ ತುಂಬ ಬಚ್ಚಲುಮನೆಯ ಟೈಲ್ಸ್. ಗುರುಮಲ್ಲಪ್ಪನವರು ನನ್ನ ಮೇಲೆ ಕಣ್ಣಿಟ್ಟು, "ಬಟನ್ ಯಾರ್ಲಾ ಕಿತ್ಕೊಂಡೋದೋರು?" ಅಂದರು. ನಾನು ಜೇಬು ಹೊರಗೆಳೆದು ತೋರಿಸಿದೆ. ಆಮೇಲೆ ಬಂದದ್ದು ಒಂಬತ್ತಲ್ಲ, ಹತ್ತು. ಒಂಬತ್ತು ಎಲ್ಲಿ ಹೋಯಿತು ಅಂತ ಊರೂರಿನ ಪಂಡಿತರು ಚರ್ಚೆ ಮಾಡಿದರಂತೆ. ಗುಂಡ್ಲುಪೇಟೆಯವರಿಗೆ ಚರ್ಚೆ ಬೇಕಾಗಲಿಲ್ಲ. ಒಂಬತ್ತಕ್ಕೆ ಗೇಟು ಬೀಳುತ್ತದೆ, ಯಾರೂ ದಾಟಲಾರರು. ಅವರೂ ದಾಟಲಿಲ್ಲ, ಅಷ್ಟೆ.

ಹತ್ತು, ಹನ್ನೊಂದು ಇವೆಯಲ್ಲ, ಇವು ಯಂತ್ರಗಳಲ್ಲ, ಮನೆಯಳಿಯಂದಿರು. ಬಂದ ದಿನವೇ ನನ್ನ ಹೆಸರು, ಹುಟ್ಟಿದ ದಿನ, ಫೋನ್ ನಂಬರ್, ಮುಖ ಎಲ್ಲ ಕೇಳಿದವು. ಎಡ ಮೂಲೆಯಲ್ಲಿದ್ದ ಸ್ಟಾರ್ಟ್ ಬಟನ್ನನ್ನು ಹನ್ನೊಂದು ತಂದು ನಡುಮನೆಯಲ್ಲಿ ಕೂರಿಸಿತು. ತಮಗೆ ಬೇಕಾದಾಗ ಅಪ್‌ಡೇಟ್, ನಮಗೆ ಬೇಕಾದಾಗ "ದಯವಿಟ್ಟು ಕಾಯಿರಿ". ಮೊದಲು ಅದು ಬೈಯುತ್ತಿತ್ತು, ನಾನು ಅಪ್ಪಣೆ ಕೊಡುತ್ತಿದ್ದೆ. ಈಗ ಅದು ದಯವಿಟ್ಟು ಅನ್ನುತ್ತದೆ, ಅಪ್ಪಣೆಯೂ ಅದರದ್ದೇ.

ಬಾಬು ಲಾರಿಯ ಸುತ್ತ ಮೂರನೇ ಪ್ರದಕ್ಷಿಣೆ ಹಾಕುತ್ತಿದ್ದ. ಶೇಕಡ ಇಪ್ಪತ್ತೇಳು, ಅಲ್ಲಾಡಲಿಲ್ಲ. ಪುಟ್ಟಮ್ಮಣ್ಣಿ ತೆರೆ ನೋಡುವುದನ್ನು ಬಿಟ್ಟು ಹಿಂದಿನ ಕೋಣೆಯ ಬಾಗಿಲ ಕಡೆ ನೋಡುತ್ತಿದ್ದಳು. ಬೇಗುದಿಯಲ್ಲಿ ಸೆರಗಿನ ತುದಿ ತಿರುಚಿ ತಿರುಚಿ ಹಗ್ಗ ಮಾಡಿದ್ದಳು.

"ಅಲ್ಲಿ ಒಣ್ಗಿದ ಆರ ಹಾಕ್ಕೊಂಡು ಸಾಲಾಗಿ ಕುಂತವಲ್ಲ, ಅವೇನಣ್ಣೊ?"

ಅವು ನಮ್ಮ ಪೂರ್ವಿಕರು. ಗುರುಮಲ್ಲಪ್ಪನವರು ಒಂದು ಕಂಪ್ಯೂಟರನ್ನೂ ಹಳೆಯ ಸಾಮಾನಿನವನಿಗೆ ಕೊಟ್ಟವರಲ್ಲ. ಕಪ್ಪು ಪರದೆಯ ಮೊದಲನೆಯದರಿಂದ ಹಿಡಿದು ಎಲ್ಲವೂ ಹಲಗೆಯ ಮೇಲೆ ವಯಸ್ಸಿನ ಪ್ರಕಾರ ಕೂತಿವೆ. ಆಯುಧಪೂಜೆಗೆ ಒಂದೊಂದಕ್ಕೂ ವಿಭೂತಿ, ಚೆಂಡುಹೂವಿನ ಹಾರ. ಮಂಗಳಾರತಿ ಎತ್ತುವಾಗ ಒಂದೊಂದನ್ನೂ ಹಚ್ಚಿ ಉರಿಸಲೇಬೇಕು. "ಉಸ್ರಾಡ್ದೆ ಇರೋದ್ಕೆ ಪೂಜೆ ಮಾಡ್ಬಾರ್ದು ಕಣ್ಲಾ" ಅನ್ನುವುದು ಯಜಮಾನರ ಶಾಸ್ತ್ರ. ಪೂಜೆಯ ದಿನ ಆ ಕೋಣೆಯಲ್ಲಿ ಫ್ಯಾನುಗಳೆಲ್ಲ ಒಟ್ಟಿಗೆ ಗೊರಕೆ ಹೊಡೆಯುವುದನ್ನು ನೀವು ಕೇಳಬೇಕು.

ಹಚ್ಚಿ ಉರಿಸುತ್ತೇವಲ್ಲ! ಹಾಗಾದರೆ ಮೊದಲನೆಯದು ಬದುಕಿದೆ. ತೂಕದ ಪೆಟ್ಟಿಗೆಯಿಂದ ಬರುವ ವೈರು ಹಳೆಯ ಕಾಲದ್ದು, ಹಳೆಯ ಯಂತ್ರದ ಬೆನ್ನಿಗೆ ನೇರವಾಗಿ ಕೂರುತ್ತದೆ. ಕಿರುಚುವ ಹಳೆಯ ಪ್ರಿಂಟರೂ ಹಾಗೆಯೇ.

ಯಜಮಾನರು ಹಿತ್ತಿಲ ಮನೆಯಿಂದ ಬಂದವರು ಬಾಗಿಲಿಗೆ ಅಡ್ಡ ನಿಂತರು. "ದ್ಯಾವ್ರ ಕೈಲಿ ಲಾರಿ ತೂಗುಸ್ತೀಯೇನ್ಲಾ? ವಯಸ್ಸಾಗದೆ ಅದ್ಕೆ. ಏನಾರ ಆದ್ರೆ?"

ನನಗಿಂತ ಮೊದಲು ಪುಟ್ಟಮ್ಮಣ್ಣಿ ಎದ್ದಳು. "ಬುದ್ದಿ, ನಿಮ್ ದ್ಯಾವ್ರ ಕೊಳ್ಳಗಿರದು ನಮ್ ಊವೇಯ. ಈವತ್ತು ಆ ಊವೇ ಕೊಳ್ತೋಗ್ತಾ ಅದೆ. ಮತ್ಯಾವಾಗ ಬಂದಾತು ದ್ಯಾವ್ರು?"

ಗುರುಮಲ್ಲಪ್ಪನವರು ಅವಳನ್ನು ನೋಡಿದರು, ಹಾರವನ್ನು ನೋಡಿದರು. ಹಾರವನ್ನು ಅವರೇ ಮೆಲ್ಲಗೆ ತೆಗೆದರು.

ಹೊತ್ತು ತಂದೆವು. ವೈರು ಚುಚ್ಚಿದೆ. ಹಚ್ಚಿದೆ. ಪೀಕ್ ಎಂದಿತು. ಬಿಳಿ ಅಂಕಿಗಳು ಟಕಟಕ ಏರಿದವು. ಬ್ಯಾಟರಿ ಸತ್ತಿದೆ, ಒಂದು ಕೀಲಿ ಒತ್ತಿ ಮುಂದುವರಿಸಿ ಅಂದಿತು, ಒತ್ತಿದೆ. ಕಪ್ಪು ಪರದೆಯ ಮೇಲೆ ಸಾಲು ಬಂತು: ನಮಸ್ಕಾರ ಗುರುಮಲ್ಲಪ್ಪನವರೇ. ಯಜಮಾನರು ಚಪ್ಪಲಿ ಬಿಟ್ಟು ಕೈ ಮುಗಿದರು. ಆಮೇಲೆ ನನ್ನ ಕಡೆ ತಿರುಗಿ, "ಸ್ನಾನ ಆಗದೆ ಅಂತ ಯೋಳ್ಲಾ ಅದ್ಕೆ," ಅಂದರು.

ಹೊಸ ಕಂಪ್ಯೂಟರ್ ಪಕ್ಕದಲ್ಲಿ ಇನ್ನೂ ಕೋಲಾಟ ಆಡುತ್ತಿತ್ತು. ಅಪ್ಪನಂಥ ಹಳೆಯದು ಒಂದು ಅಪ್ಪಣೆ ತೆಗೆದುಕೊಂಡಿತು, ತೂಕ ಓದಿತು, ಪ್ರಿಂಟರ್ ಓಣಿಯ ನಾಯಿಗಳೆಲ್ಲ ಎದ್ದು ಬೊಗಳುವ ಹಾಗೆ ಕಿರುಚಿತು. ಚೀಟಿ ಹರಿದುಕೊಟ್ಟೆ. ಬಾಬು ಓದಿದವನೇ ಕಣ್ಣರಳಿಸಿದ. ತಾರೀಕು ನೆನಪಿಡುವ ಬ್ಯಾಟರಿ ಸತ್ತಿದ್ದರಿಂದ ಯಂತ್ರಕ್ಕೆ ಕಾಲ ಗೊತ್ತಿರಲಿಲ್ಲ. ತನಗೆ ಗೊತ್ತಿದ್ದ ಮೊದಲ ದಿನವನ್ನೇ ಅಚ್ಚು ಹಾಕಿತ್ತು.

"ಚೇಟಾ! ಎಂಬತ್ತು? ನಾನ್ ಹುಟ್ಟಿಲ್ಲ!"

"ಈಗ ಉಟ್ಟಿದ್ದೀಯಲ್ಲ, ಓಡ್ಸು!" ಎಂದು ಪುಟ್ಟಮ್ಮಣ್ಣಿ ಅವನನ್ನು ಬೆನ್ನಿಗೆ ಕೈ ಹಾಕಿ ಹತ್ತಿಸಿದಳು. ಹತ್ತಿ ಕೂತವಳು ಕಿಟಕಿಯಿಂದ ಬಾಗಿ, "ದಾಟುದ್ಮೇಲೆ ಮಿಸ್ ಕಾಲ್ ಕೊಡ್ತೀನಿ ಕಣಣ್ಣೊ," ಅಂದಳು. ಲಾರಿ ಕೇರಳ ರಸ್ತೆಗೆ ಬಿತ್ತು.

ಅದು ಕಣ್ಮರೆಯಾದ ಮೇಲೆ ಹೊಸ ಕಂಪ್ಯೂಟರ್ ನೂರು ಮುಟ್ಟಿತು. ಹಾಯ್ ಅಂದಿತು. ನಿಮ್ಮ ಕಡತಗಳೆಲ್ಲ ನೀವು ಬಿಟ್ಟಲ್ಲೇ ಇವೆ ಅಂದಿತು. ಲಾರಿ ಬಿಟ್ಟಲ್ಲಿ ಇಲ್ಲ ಸ್ವಾಮಿ, ಅಂದೆ.

ಗೇಟಿನಲ್ಲಿ ನಡೆದದ್ದು ಕೇಳಿ. ಕಾವಲಿನವನು ಕಂಬ ಇಳಿಸಲು ಹಗ್ಗಕ್ಕೆ ಕೈ ಹಾಕಿದ್ದಾನೆ, ಲಾರಿ ಬಂದು ನಿಂತಿದೆ. ಚೀಟಿ ಕೇಳಿದ. ಟಾರ್ಚ್ ಬಿಟ್ಟು ಓದಿದ. ಮತ್ತೆ ಓದಿದ. "ಏನಮ್ಮ, ನಲವತ್ತೈದು ವರ್ಷದಿಂದ ಇದೇ ಲಾರಿಲಿ ಕುಂತಿದ್ದೀಯಾ? ಆದ್ರೂ ಊವು ಬಾಡ್ನಿಲ್ವಲ್ಲಾ!" ಅಂದ. ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಹಗ್ಗ ಬಿಟ್ಟು ದಾರಿ ಕೊಟ್ಟ. ಕಾಡು ಅವರನ್ನು ಒಳಗೆ ತೆಗೆದುಕೊಂಡಿತು.

ಕಾಡಿನಲ್ಲಿ ನೆಟ್‌ವರ್ಕ್ ಇಲ್ಲ. ನಾನೂ ಯಜಮಾನರೂ ಫೋನನ್ನು ಮೇಜಿನ ಮೇಲಿಟ್ಟು ನೋಡುತ್ತ ಕೂತೆವು. ಅವರು ಎಂದೂ ಇಲ್ಲದವರು ನನಗೆ ಟೀ ತರಿಸಿಕೊಟ್ಟರು. ಅವರ ಮೂರನೇ ಆಕಳಿಕೆಗೆ ಫೋನು ಒಂದು ಸಲ ಗುನುಗಿ ನಿಂತಿತು. ಅಷ್ಟೆ. ಎತ್ತಲಿಲ್ಲ, ಎತ್ತಿದರೆ ಅದು ಮಿಸ್ ಕಾಲ್ ಆಗುವುದಿಲ್ಲ. ಎರಡು ದಿನದ ಮೇಲೆ ಪುಟ್ಟಮ್ಮಣ್ಣಿ ಖಾಲಿ ಲಾರಿಯಲ್ಲಿ ವಾಪಸ್ಸು ಬಂದು ಹೇಳಿದಳು: ಬತ್ತೇರಿಯ ವ್ಯಾಪಾರಿ ಹೂವಿನ ರಾಶಿಯೊಳಗೆ ಮೊಣಕೈವರೆಗೆ ತೋಳು ತೂರಿಸಿ ಸ್ವಲ್ಪ ಹೊತ್ತು ಹಾಗೇ ನಿಂತನಂತೆ. ತೋಳು ಹೊರಗೆ ತೆಗೆದು, "ತಣುಪ್ಪು," ಅಂದನಂತೆ. ತಣ್ಣಗಿದೆ. ಮುಂದಿನ ವಾರದ ಹೂವಿಗೂ ಅವಳಿಗೇ ಹೇಳಿದ. ಅವಳು ಹಿಂದಿರುಗುವ ದಾರಿಯಲ್ಲಿ ಮಂಡಿಯ ಮುಂದೆ ಲಾರಿ ನಿಲ್ಲಿಸಿ, ಸುಮ್ಮನೆ ಒಂದು ಎಲೆ ಅಡಿಕೆ ಹಾಕಿಕೊಂಡು ಬಂದಳಂತೆ.

ಇದರಲ್ಲಿ ಒಂದೇ ಒಂದನ್ನು ನಾನು ಕಟ್ಟಿದ್ದೇನೆ. ಎಂಬತ್ತನೇ ಇಸವಿ ಅಂತ ಅಂದುಕೊಂಡಿರಾ? ನಿಜ. ಸ್ನಾನ ಕೇಳಿದ ಯಂತ್ರ? ಅದೂ ನಿಜ. ಸುಳ್ಳೆಂದರೆ ಗೇಟಿನ ಕಾವಲಿನವನ ನಗು ಮತ್ತು ಅವನ ಮಾತು. ಪುಟ್ಟಮ್ಮಣ್ಣಿಯನ್ನು ಕೇಳಿದೆ: "ಚೀಟಿ ನೋಡಿ ಏನಂದ್ರವ್ವ?" ಅವಳು ಸೊಂಟದ ಚೀಲದಿಂದ ಮಡಿಕೆ ಬಿಡಿಸದ ಚೀಟಿ ತೆಗೆದು ತೋರಿಸಿದಳು. "ಯಾರೂ ಕೇಳ್ನೇ ಇಲ್ಲ ಕಣಣ್ಣೊ. ಗೇಟ್ನಲ್ಲಿ ಬ್ಯಾಗ ಓಗಿ ಅಂತ ಕೈ ಬೀಸುದ್ರು. ಬತ್ತೇರೀಲಿ ಅವ್ರೇ ತಿರ್‍ಗ ತೂಗುದ್ರು."

ಯಾರೂ ಓದಲಿಲ್ಲ. ಅಂಥ ಚೀಟಿಗೆ ಅಂಥ ಒಂದು ಮಾತನ್ನು ಯಾರಾದರೂ ಆಡಲೇಬೇಕಿತ್ತು. ಯಾರೂ ಆಡಲಿಲ್ಲ, ನಾನೇ ಆಡಿದೆ.